ಶುಶ್ರೂಷಾ ಶಿಕ್ಷಣದಲ್ಲಿ ಬರವಣಿಗೆ

ಶುಶ್ರೂಷಾ ಶಿಕ್ಷಣದಲ್ಲಿ ಬರವಣಿಗೆ ಎಂಬುದು ನರ್ಸಿಂಗ್ ವಿದ್ಯಾರ್ಥಿಗಳು ತರಗತಿಯಲ್ಲಿಯೂ ವಾರ್ಡಿನಲ್ಲಿಯೂ ಕಲಿಕೆಯ ಅಂಗವಾಗಿ ಬರೆಯುವ ಆರೈಕೆ ಯೋಜನೆ, ಪ್ರಕರಣ ಅಧ್ಯಯನ, ದಿನಚರಿ, ಅನುಭವ ಕಥನ, ರೋಗಿಯ ದಾಖಲೆ ಮತ್ತು ಕಿರುಬರಹಗಳನ್ನೂ ಅವುಗಳನ್ನು ಬೋಧನೆಗೆ ಬಳಸಿಕೊಳ್ಳುವ ವಿಧಾನಗಳನ್ನೂ ಸೂಚಿಸುತ್ತದೆ. ಇದರಲ್ಲಿ ಎರಡು ಉದ್ದೇಶಗಳು ಬೆರೆತಿವೆ. ವೃತ್ತಿಗೆ ಬೇಕಾದ ದಾಖಲೆಗಳನ್ನು ಸ್ಪಷ್ಟವಾಗಿ, ತಪ್ಪಿಲ್ಲದೆ ಬರೆಯಲು ಕಲಿಯುವುದು ಮೊದಲನೆಯದು. ಬರೆಯುತ್ತ ಬರೆಯುತ್ತ ವಿಷಯವನ್ನು ಅರ್ಥಮಾಡಿಕೊಳ್ಳುವುದು ಎರಡನೆಯದು. ಮೊದಲನೆಯ ಉದ್ದೇಶದ ಬಗ್ಗೆ ಭಿನ್ನಾಭಿಪ್ರಾಯವಿಲ್ಲ. ಎರಡನೆಯದು ವಿಶ್ವವಿದ್ಯಾಲಯಗಳಲ್ಲಿ ಮನ್ನಣೆ ಪಡೆದಿದ್ದು 1970ರ ದಶಕದ ನಂತರ. ಪುಸ್ತಕದಲ್ಲಿ ಓದಿದ್ದಕ್ಕೂ ರೋಗಿಯ ಹಾಸಿಗೆಯ ಪಕ್ಕದಲ್ಲಿ ಮಾಡಬೇಕಾದ ಕೆಲಸಕ್ಕೂ ನಡುವೆ ಇರುವ ಅಂತರ ಶುಶ್ರೂಷಾ ಶಿಕ್ಷಣದ ಹಳೆಯ ಸಮಸ್ಯೆ. ಆ ಅಂತರವನ್ನು ಕಡಿಮೆ ಮಾಡುವ ಸಾಧನಗಳಲ್ಲಿ ಬರವಣಿಗೆಯೂ ಒಂದೆಂದು ಪರಿಗಣಿಸಲಾಗಿದೆ.

ಇತಿಹಾಸ

ಕ್ರಿಮಿಯಾ ಯುದ್ಧದ ಕಾಲದಲ್ಲಿ ಸ್ಕುಟಾರಿಯ ಸೈನಿಕ ಆಸ್ಪತ್ರೆಯಲ್ಲಿ ದುಡಿದ ಫ್ಲಾರೆನ್ಸ್ ನೈಟಿಂಗೇಲ್ ಅವರ ಹೆಸರಿನ ನಿಧಿಯಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ತರಬೇತಿ ಶಾಲೆ ಆರಂಭವಾಯಿತು. ಅಲ್ಲಿನ ಕಲಿಕೆ ಬಹುಪಾಲು ವಾರ್ಡಿನ ದುಡಿಮೆಯ ಮೂಲಕವೇ ನಡೆಯುತ್ತಿದ್ದರೂ, ತರಬೇತಿಯಲ್ಲಿದ್ದವರು ತಮ್ಮ ದಿನದ ಕೆಲಸದ ದಿನಚರಿ ಬರೆಯಬೇಕಿತ್ತು. ರೋಗಿಗಳ ಕುರಿತು ಟಿಪ್ಪಣಿ ಮಾಡಬೇಕಿತ್ತು. ನೈಟಿಂಗೇಲ್ ಆ ದಿನಚರಿಗಳನ್ನು ಓದುತ್ತಿದ್ದರು. ವಾರ್ಡಿನಲ್ಲಿ ನಿಜಕ್ಕೂ ಏನನ್ನು ಕಲಿಸಲಾಗುತ್ತಿದೆ, ಏನನ್ನು ಕೈಬಿಡಲಾಗಿದೆ ಎಂಬುದು ಅವರಿಗೆ ಅವುಗಳಿಂದ ತಿಳಿಯುತ್ತಿತ್ತು. ವಿದ್ಯಾರ್ಥಿಯ ಬರಹವು ವಿದ್ಯಾರ್ಥಿಯನ್ನು ಅಳೆಯುವುದರ ಜೊತೆಗೆ ಬೋಧನೆಯನ್ನೂ ಅಳೆಯುತ್ತದೆ ಎಂಬ ತಿಳಿವಳಿಕೆ ಹೀಗೆ ಆಧುನಿಕ ಶುಶ್ರೂಷಾ ಶಿಕ್ಷಣದ ಆರಂಭದಲ್ಲೇ ಕಾಣಸಿಗುತ್ತದೆ.

ನಂತರದ ದಶಕಗಳಲ್ಲಿ ಇಂಗ್ಲೆಂಡ್ ಮತ್ತು ಅಮೆರಿಕದ ಬಹುತೇಕ ಶಾಲೆಗಳು ಆಸ್ಪತ್ರೆಗಳಿಗೆ ಸೇರಿದ್ದವು. ವಿದ್ಯಾರ್ಥಿಗಳು ಆಸ್ಪತ್ರೆಗೆ ಅಗ್ಗದ ಕೆಲಸಗಾರರಾಗಿದ್ದರು. ಹಗಲಿಡೀ ವಾರ್ಡಿನಲ್ಲಿ ದುಡಿದು ಸಂಜೆ ಉಪನ್ಯಾಸ ಕೇಳುವವರಿಗೆ ಓದು ಬರಹಕ್ಕೆ ಬಿಡುವು ಸಿಗುವುದು ಅಪರೂಪವಾಗಿತ್ತು. ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಸಿದ್ಧವಾಗಿ 1923ರಲ್ಲಿ ಪ್ರಕಟವಾದ ಗೋಲ್ಡ್‌ಮಾರ್ಕ್ ವರದಿಯು ಈ ವ್ಯವಸ್ಥೆಯ ಕೊರತೆಗಳನ್ನು ಎತ್ತಿ ತೋರಿಸಿತು. ಶಿಕ್ಷಣದ ಅಗತ್ಯ ಮತ್ತು ಆಸ್ಪತ್ರೆಯ ಅಗತ್ಯ ಪರಸ್ಪರ ಎದುರಾದಾಗ ಸೋಲುವುದು ಶಿಕ್ಷಣವೇ ಎಂಬುದು ಅದರ ತಿರುಳು. ಅದೇ ವರ್ಷ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ವತಂತ್ರ ಶುಶ್ರೂಷಾ ಶಾಲೆ ಆರಂಭವಾಯಿತು. ಅದಕ್ಕೂ ಮೊದಲು, 1907ರಲ್ಲಿ ಮೇರಿ ಅಡಿಲೇಡ್ ನಟಿಂಗ್ ಅವರು ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಪ್ರಾಧ್ಯಾಪಕಿಯಾಗಿ ನೇಮಕಗೊಂಡಿದ್ದರು. 1909ರಲ್ಲಿ ಮಿನ್ನೆಸೋಟಾ ವಿಶ್ವವಿದ್ಯಾಲಯದ ಶಾಲೆ ತೆರೆದಿತ್ತು. ಬ್ರಿಟನ್ನಿನಲ್ಲಿ ಈ ಬದಲಾವಣೆ ತಡವಾಗಿ ಬಂದಿತು. ‘ಪ್ರಾಜೆಕ್ಟ್ 2000’ ಎಂಬ ಸುಧಾರಣೆಯ ಮೂಲಕ 1980ರ ದಶಕದ ಕೊನೆಯಿಂದ ಶುಶ್ರೂಷಾ ಶಿಕ್ಷಣವು ಉನ್ನತ ಶಿಕ್ಷಣ ಸಂಸ್ಥೆಗಳಿಗೆ ವರ್ಗಾವಣೆಗೊಂಡಿತು. 2013ರ ವೇಳೆಗೆ ಇಂಗ್ಲೆಂಡಿನಲ್ಲಿ ವೃತ್ತಿಯನ್ನು ಹೊಸದಾಗಿ ಸೇರುವವರಿಗೆ ಪದವಿ ಕಡ್ಡಾಯವಾಯಿತು.

ವಿಶ್ವವಿದ್ಯಾಲಯದ ಶಿಕ್ಷಣದಿಂದ ರೋಗಿಗೆ ಏನು ಲಾಭ ಎಂಬ ಪ್ರಶ್ನೆ ಪದೇ ಪದೇ ಕೇಳಿಬಂದಿದೆ. ಲಿಂಡಾ ಐಕೆನ್ ಮತ್ತು ಸಂಗಡಿಗರು ಯುರೋಪಿನ ಒಂಬತ್ತು ದೇಶಗಳ 300 ಆಸ್ಪತ್ರೆಗಳಲ್ಲಿ ನಡೆಸಿ 2014ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆಸ್ಪತ್ರೆಯಲ್ಲಿ ಪದವೀಧರ ಶುಶ್ರೂಷಕರ ಪಾಲು ಶೇಕಡ 10ರಷ್ಟು ಹೆಚ್ಚಿದ್ದಲ್ಲಿ, ಶಸ್ತ್ರಚಿಕಿತ್ಸೆಗೆ ಒಳಗಾದ ರೋಗಿಗಳು ದಾಖಲಾದ 30 ದಿನಗಳೊಳಗೆ ಮರಣ ಹೊಂದುವ ಸಂಭವ ಶೇಕಡ 7ರಷ್ಟು ಕಡಿಮೆಯಿತ್ತು. ಇದು ಅವಲೋಕನದ ಅಧ್ಯಯನವಾದ್ದರಿಂದ ಪದವಿಯೇ ಕಾರಣವೆಂದು ಖಚಿತವಾಗಿ ಹೇಳಲಾಗದು. ಆದರೂ ಪದವಿ ಶಿಕ್ಷಣವು ಕೊಡುವುದೇನು ಎಂಬ ಚರ್ಚೆಗೆ ಇದು ಹೊಸ ಬಲ ನೀಡಿತು. ರೋಗಿಯ ಸ್ಥಿತಿ ಹದಗೆಡುತ್ತಿರುವುದನ್ನು ಮೊದಲೇ ಗುರುತಿಸುವುದು, ಕಾರಣ ಯೋಚಿಸುವುದು, ವೈದ್ಯರಿಗೆ ಮನದಟ್ಟಾಗುವಂತೆ ತಿಳಿಸುವುದು ಎಂಬ ಉತ್ತರ ಸಾಮಾನ್ಯವಾಗಿ ಕೊಡಲ್ಪಡುತ್ತದೆ. ಈ ಮೂರನ್ನೂ ಕಲಿಸುವಲ್ಲಿ ಬರವಣಿಗೆಗೆ ಪಾತ್ರವಿದೆ.

ಬರೆಯುತ್ತ ಕಲಿಯುವುದು

ಲಂಡನ್ ವಿಶ್ವವಿದ್ಯಾಲಯದ ಶಿಕ್ಷಣ ಸಂಸ್ಥೆಯ ಜೇಮ್ಸ್ ಬ್ರಿಟನ್ ಮತ್ತು ಸಹೋದ್ಯೋಗಿಗಳು ಶಾಲಾ ಮಕ್ಕಳ ಬರಹಗಳನ್ನು ಪರಿಶೀಲಿಸಿ 1975ರಲ್ಲಿ ಪ್ರಕಟಿಸಿದ ಸಂಶೋಧನೆಯು, ಶಾಲೆಯ ಬರವಣಿಗೆ ಬಹುತೇಕ ಪರೀಕ್ಷಕನಿಗಾಗಿಯೇ ನಡೆಯುತ್ತದೆ ಎಂದು ತೋರಿಸಿತು. ತನಗೆ ತಾನೇ ಅರ್ಥಮಾಡಿಕೊಳ್ಳಲು ಬರೆಯುವ, ಮಾತಿಗೆ ಹತ್ತಿರವಾದ ಬರಹಕ್ಕೆ ಅಲ್ಲಿ ಬಹಳ ಕಡಿಮೆ ಜಾಗವಿತ್ತು. 1977ರಲ್ಲಿ ಅಮೆರಿಕದ ಜಾನೆಟ್ ಎಮಿಗ್ ಅವರು ಬರವಣಿಗೆಯು ತನ್ನದೇ ಆದ ವಿಶಿಷ್ಟ ಕಲಿಕೆಯ ಮಾರ್ಗವೆಂದು ವಾದಿಸಿದರು. ಬರೆಯುವಾಗ ಕೈ, ಕಣ್ಣು ಮತ್ತು ಬುದ್ಧಿ ಒಟ್ಟಿಗೆ ದುಡಿಯುತ್ತವೆ. ಬರೆದದ್ದು ಕಣ್ಣೆದುರೇ ಉಳಿಯುವುದರಿಂದ ಮರಳಿ ನೋಡಿ ತಿದ್ದಬಹುದು. ವಾಕ್ಯದಿಂದ ವಾಕ್ಯಕ್ಕೆ ಸಂಬಂಧ ಕಟ್ಟದೆ ಮುಂದೆ ಸಾಗಲಾಗದು. ಈ ಚಿಂತನೆಯಿಂದ ‘ಪಠ್ಯಕ್ರಮದುದ್ದಕ್ಕೂ ಬರವಣಿಗೆ’ ಎಂಬ ಚಳವಳಿ ಬೆಳೆಯಿತು. ಬರವಣಿಗೆ ಭಾಷಾ ವಿಭಾಗದ ಸೊತ್ತಲ್ಲ, ಪ್ರತಿಯೊಂದು ವಿಷಯದ ಅಧ್ಯಾಪಕರೂ ಅದನ್ನು ಬಳಸಬೇಕು ಎಂಬುದು ಅದರ ನಿಲುವು. ಜೀವಶಾಸ್ತ್ರ, ಎಂಜಿನಿಯರಿಂಗ್ ವಿಭಾಗಗಳಂತೆ ಶುಶ್ರೂಷಾ ವಿಭಾಗಗಳೂ ಇದನ್ನು ಅಳವಡಿಸಿಕೊಂಡವು.

ಇದರ ಪರಿಣಾಮ ಎಷ್ಟೆಂಬ ಬಗ್ಗೆ ಅತಿಯಾದ ನಿರೀಕ್ಷೆ ಸಲ್ಲದು. 2004ರಲ್ಲಿ ಬ್ಯಾಂಗರ್ಟ್-ಡ್ರೌನ್ಸ್ ಮತ್ತು ಇಬ್ಬರು ಸಹಲೇಖಕರು 48 ಕಾರ್ಯಕ್ರಮಗಳ ಫಲಿತಾಂಶವನ್ನು ಒಟ್ಟುಗೂಡಿಸಿ ನೋಡಿದಾಗ ಬರವಣಿಗೆಯಿಂದ ಕಲಿಕೆಗೆ ಸಣ್ಣ ಪ್ರಮಾಣದ, ಆದರೆ ನಿಜವಾದ ಲಾಭ ಕಂಡುಬಂದಿತು. ತನಗೆ ಏನು ಅರ್ಥವಾಗಿದೆ, ಎಲ್ಲಿ ತೊಡಕಿದೆ ಎಂದು ವಿದ್ಯಾರ್ಥಿಯೇ ಗಮನಿಸುವಂತೆ ಮಾಡುವ ಬರಹಗಳು ಹೆಚ್ಚು ಫಲ ನೀಡಿದವು. ಉದ್ದದ ಬರಹಗಳು ಚಿಕ್ಕವುಗಳಿಗಿಂತ ಕಡಿಮೆ ಉಪಯುಕ್ತವಾಗಿದ್ದವು. ಪುಟಗಟ್ಟಲೆ ಬರೆಸುವುದೇ ಶ್ರಮದ ಗುರುತೆಂದು ಭಾವಿಸುವ ಕಾಲೇಜುಗಳು ಗಮನಿಸಬೇಕಾದ ಅಂಶವಿದು.

ಆರೈಕೆ ಯೋಜನೆ

ಶುಶ್ರೂಷಾ ವಿದ್ಯಾರ್ಥಿಗಳು ಅತಿ ಹೆಚ್ಚು ಬರೆಯುವುದು ಆರೈಕೆ ಯೋಜನೆಯನ್ನು. ಇದನ್ನು ಸಾಮಾನ್ಯವಾಗಿ ಕೇರ್ ಪ್ಲಾನ್ ಎಂದೇ ಕರೆಯುತ್ತಾರೆ. ಐಡಾ ಜೀನ್ ಓರ್ಲ್ಯಾಂಡೊ ಅವರ 1961ರ ಕೃತಿ ಹಾಗೂ ಹೆಲೆನ್ ಯೂರಾ ಮತ್ತು ಮೇರಿ ವಾಲ್ಷ್ ಅವರ 1967ರ ಕೃತಿಗಳ ಮೂಲಕ ‘ಶುಶ್ರೂಷಾ ಪ್ರಕ್ರಿಯೆ’ ಎಂಬ ಪರಿಕಲ್ಪನೆ ರೂಪುಗೊಂಡಿತು. ಈಗ ಬಳಕೆಯಲ್ಲಿರುವ ರೂಪದಲ್ಲಿ ಅದಕ್ಕೆ ಐದು ಹಂತಗಳಿವೆ: ರೋಗಿಯ ಪರಿಶೀಲನೆ, ಶುಶ್ರೂಷಾ ನಿರ್ಣಯ, ಯೋಜನೆ, ಅನುಷ್ಠಾನ, ಮೌಲ್ಯಮಾಪನ. ಕೇರ್ ಪ್ಲಾನ್ ಎಂದರೆ ಈ ಹಂತಗಳನ್ನು ಕಾಗದದ ಮೇಲೆ ಮೂಡಿಸುವುದು. ಶುಶ್ರೂಷಾ ನಿರ್ಣಯವು ವೈದ್ಯರ ರೋಗನಿರ್ಣಯಕ್ಕಿಂತ ಬೇರೆ. ‘ನ್ಯುಮೋನಿಯಾ’ ಎಂಬುದು ವೈದ್ಯರ ನಿರ್ಣಯ. ‘ಕಫ ಗಟ್ಟಿಯಾಗಿದ್ದು ರೋಗಿಗೆ ಕೆಮ್ಮಿ ಹೊರಹಾಕಲು ಆಗುತ್ತಿಲ್ಲ’ ಎಂಬುದು ಶುಶ್ರೂಷಕರು ತಾವೇ ಕ್ರಮ ಕೈಗೊಳ್ಳಬಹುದಾದ ನಿರ್ಣಯ.

ಒಳ್ಳೆಯ ಕೇರ್ ಪ್ಲಾನಿಗೂ ಕೇವಲ ಹಾಳೆ ತುಂಬಿಸುವ ಕೇರ್ ಪ್ಲಾನಿಗೂ ಇರುವ ವ್ಯತ್ಯಾಸವನ್ನು ಉದಾಹರಣೆಯಿಂದ ತಿಳಿಯಬಹುದು. ಹೊಟ್ಟೆಯ ಶಸ್ತ್ರಚಿಕಿತ್ಸೆಯಾದ ರೋಗಿಯ ಬಗ್ಗೆ ಒಬ್ಬ ವಿದ್ಯಾರ್ಥಿ ಹೀಗೆ ಬರೆಯಬಹುದು: ‘ರೋಗಿಗೆ ನೋವಿದೆ. ನೋವು ಕಡಿಮೆ ಮಾಡುವುದು ಗುರಿ. ವೈದ್ಯರು ಸೂಚಿಸಿದ ಔಷಧಿ ಕೊಡಲಾಯಿತು. ನೋವು ಕಡಿಮೆಯಾಯಿತು.’ ಈ ನಾಲ್ಕು ವಾಕ್ಯಗಳು ಪ್ರಪಂಚದ ಯಾವ ರೋಗಿಗೂ ಹೊಂದುತ್ತವೆ. ಬರೆದವರು ರೋಗಿಯನ್ನು ನೋಡಿದ್ದಾರೆ ಎಂಬುದಕ್ಕೆ ಅವುಗಳಲ್ಲಿ ಸಾಕ್ಷ್ಯವಿಲ್ಲ. ಇನ್ನೊಬ್ಬರು ಹೀಗೆ ಬರೆಯಬಹುದು: ‘ಎರಡನೆಯ ದಿನ. ಮಲಗಿರುವಾಗ ನೋವು 10ಕ್ಕೆ 3, ಕೆಮ್ಮುವಾಗ 8. ನೋವಿನ ಭಯದಿಂದ ರೋಗಿ ಕೆಮ್ಮುತ್ತಿಲ್ಲ, ಎದ್ದು ಕೂರಲು ಒಪ್ಪುತ್ತಿಲ್ಲ, ಉಸಿರು ಮೇಲುಮೇಲೆ ಇದೆ. ಹೀಗೆಯೇ ಮುಂದುವರಿದರೆ ಶ್ವಾಸಕೋಶದಲ್ಲಿ ಕಫ ನಿಂತು ಸೋಂಕಾಗಬಹುದು. ಆದ್ದರಿಂದ ನೋವು ನಿವಾರಕ ಕೊಟ್ಟು ಅದು ಕೆಲಸ ಮಾಡತೊಡಗಿದ ಮೇಲೆ ಎಬ್ಬಿಸಿ ಕೂರಿಸುವುದು. ಹೊಟ್ಟೆಗೆ ದಿಂಬು ಒತ್ತಿ ಹಿಡಿದು ಕೆಮ್ಮುವುದನ್ನು ಹೇಳಿಕೊಡುವುದು. ನಂತರ ನೋವನ್ನೂ ಉಸಿರಾಟದ ಗತಿಯನ್ನೂ ಮತ್ತೆ ಎಣಿಸಿ ಬರೆಯುವುದು.’ ಎರಡನೆಯ ಬರಹದಲ್ಲಿ ಕಾರಣ ಮತ್ತು ಪರಿಣಾಮಗಳ ಕೊಂಡಿ ಕಾಣುತ್ತದೆ. ಅಧ್ಯಾಪಕರಿಗೆ ತಿದ್ದಲು ಅಲ್ಲಿ ಏನಾದರೂ ಇದೆ. ವಿದ್ಯಾರ್ಥಿಯ ಯೋಚನೆ ಎಲ್ಲಿ ತಪ್ಪಿತೆಂದು ಬೆರಳಿಟ್ಟು ತೋರಿಸಬಹುದು.

ಕೇರ್ ಪ್ಲಾನುಗಳು ದೊಡ್ಡ ಸಂಖ್ಯೆಯಲ್ಲಿ ಕಡ್ಡಾಯವಾದಾಗ ಮೊದಲನೆಯ ಬಗೆಯ ಬರಹವೇ ಹೆಚ್ಚುತ್ತದೆ. ಹಿರಿಯ ವಿದ್ಯಾರ್ಥಿಗಳ ರೆಕಾರ್ಡ್ ಪುಸ್ತಕದಿಂದ ನಕಲು ಮಾಡುವುದು, ಪಠ್ಯಪುಸ್ತಕದ ಸಿದ್ಧ ವಾಕ್ಯಗಳನ್ನು ಇಳಿಸುವುದು ಸಾಮಾನ್ಯ ದೂರು. 60 ವಿದ್ಯಾರ್ಥಿಗಳ ತರಗತಿಯಲ್ಲಿ ಪ್ರತಿಯೊಬ್ಬರೂ ಹತ್ತು ಪುಟ ಬರೆದರೆ ಅಧ್ಯಾಪಕರ ಮೇಜಿನ ಮೇಲೆ 600 ಪುಟಗಳು ಬೀಳುತ್ತವೆ. ಅವುಗಳಿಗೆ ಸಹಿ ಬೀಳುತ್ತದೆಯೇ ಹೊರತು ಪ್ರತಿಕ್ರಿಯೆ ಬರೆಯಲು ಸಮಯ ಸಿಗದು. ಪರ್ಯಾಯವಾಗಿ ಪರಿಕಲ್ಪನಾ ನಕ್ಷೆಯನ್ನು ಬಳಸುವವರಿದ್ದಾರೆ. ಕಾರ್ನೆಲ್ ವಿಶ್ವವಿದ್ಯಾಲಯದ ಜೋಸೆಫ್ ನೊವಾಕ್ 1970ರ ದಶಕದಲ್ಲಿ ರೂಪಿಸಿದ ಈ ವಿಧಾನದಲ್ಲಿ ರೋಗಿಯ ಸಮಸ್ಯೆಗಳು, ಪರೀಕ್ಷಾ ಫಲಿತಾಂಶಗಳು ಮತ್ತು ಔಷಧಿಗಳನ್ನು ಒಂದೇ ಹಾಳೆಯಲ್ಲಿ ಬರೆದು, ಅವುಗಳ ನಡುವೆ ಗೆರೆ ಎಳೆದು, ಪ್ರತಿ ಗೆರೆಯ ಮೇಲೆ ಸಂಬಂಧವನ್ನು ನಮೂದಿಸಬೇಕು. ಒಂದು ಪುಟದ ನಕ್ಷೆಯನ್ನು ಕೆಲವೇ ನಿಮಿಷಗಳಲ್ಲಿ ಪರಿಶೀಲಿಸಬಹುದು.

ಪ್ರತಿಫಲನಾತ್ಮಕ ಬರವಣಿಗೆ

ಡೊನಾಲ್ಡ್ ಶಾನ್ ಅವರು 1983ರ ತಮ್ಮ ಕೃತಿಯಲ್ಲಿ, ನುರಿತ ವೃತ್ತಿಪರರು ಪುಸ್ತಕದ ನಿಯಮವನ್ನು ಯಾಂತ್ರಿಕವಾಗಿ ಅನ್ವಯಿಸುವುದಿಲ್ಲ, ಕೆಲಸ ಮಾಡುತ್ತಲೇ ಯೋಚಿಸುತ್ತಾರೆ ಮತ್ತು ಮಾಡಿದ ಮೇಲೆ ಹಿಂದಿರುಗಿ ಯೋಚಿಸುತ್ತಾರೆ ಎಂದು ವಿವರಿಸಿದರು. ಮರುವರ್ಷ ಪೆಟ್ರೀಷಿಯಾ ಬೆನ್ನರ್ ಅವರು ಡ್ರೈಫಸ್ ಸಹೋದರರ ಕೌಶಲ ಗಳಿಕೆಯ ಮಾದರಿಯನ್ನು ಶುಶ್ರೂಷೆಗೆ ಅನ್ವಯಿಸಿ, ಶುಶ್ರೂಷಕರು ಹೊಸಬರ ಹಂತದಿಂದ ಪರಿಣತರ ಹಂತಕ್ಕೆ ಐದು ಮೆಟ್ಟಿಲುಗಳಲ್ಲಿ ಬೆಳೆಯುತ್ತಾರೆ ಎಂದು ಪ್ರತಿಪಾದಿಸಿದರು. ಹೊಸಬರು ನಿಯಮವನ್ನು ಹಿಡಿದು ನಡೆಯುತ್ತಾರೆ. ಪರಿಣತರು ಇಡೀ ಸನ್ನಿವೇಶವನ್ನು ಒಂದೇ ನೋಟಕ್ಕೆ ಗ್ರಹಿಸುತ್ತಾರೆ, ಆದರೆ ಹೇಗೆ ತಿಳಿಯಿತು ಎಂದು ಕೇಳಿದರೆ ವಿವರಿಸಲು ತಡವರಿಸುತ್ತಾರೆ. ಬೆನ್ನರ್ ಅವರ ಆಧಾರ ಸಾಮಗ್ರಿ ಶುಶ್ರೂಷಕರೇ ಹೇಳಿದ, ಬರೆದ ವಾರ್ಡಿನ ಪ್ರಸಂಗಗಳಾಗಿದ್ದವು. ಹೀಗಾಗಿ ಅನುಭವ ಕಥನವು ಸಂಶೋಧನೆಯ ವಿಧಾನವಾಗಿದ್ದದ್ದು ಬೋಧನೆಯ ವಿಧಾನವೂ ಆಯಿತು.

ಬ್ರಿಟನ್ನಿನ ಗ್ರಹಾಂ ಗಿಬ್ಸ್ 1988ರಲ್ಲಿ ಪ್ರಕಟಿಸಿದ ಪ್ರತಿಫಲನ ಚಕ್ರವು ಶುಶ್ರೂಷಾ ಕಾಲೇಜುಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದೆ. ಏನಾಯಿತು, ಏನನ್ನಿಸಿತು, ಯಾವುದು ಸರಿಯಾಯಿತು ಯಾವುದು ಆಗಲಿಲ್ಲ, ಏಕೆ, ಬೇರೆ ಏನು ಮಾಡಬಹುದಿತ್ತು, ಮುಂದಿನ ಬಾರಿ ಏನು ಮಾಡುವುದು ಎಂಬ ಆರು ಪ್ರಶ್ನೆಗಳಿಗೆ ವಿದ್ಯಾರ್ಥಿ ಉತ್ತರ ಬರೆಯಬೇಕು. ಮೊದಲ ಸಾವನ್ನು ಕಂಡ ದಿನ, ರೋಗಿಯ ಸಂಬಂಧಿಕರ ಕೋಪ ಎದುರಿಸಿದ ದಿನ, ತಪ್ಪು ಆಗುವುದರಲ್ಲಿದ್ದು ತಪ್ಪಿದ ದಿನ ಇಂತಹ ಬರಹಕ್ಕೆ ವಸ್ತುವಾಗುತ್ತವೆ. ಕ್ರಿಸ್ಟೀನ್ ಟ್ಯಾನರ್ 2006ರಲ್ಲಿ ಮಂಡಿಸಿದ ಕ್ಲಿನಿಕಲ್ ತೀರ್ಮಾನದ ಮಾದರಿಯಲ್ಲಿಯೂ ಗಮನಿಸುವುದು, ಅರ್ಥೈಸುವುದು, ಸ್ಪಂದಿಸುವುದು ಇವುಗಳ ನಂತರ ಪ್ರತಿಫಲನವು ನಾಲ್ಕನೆಯ ಅಂಗವಾಗಿ ಬರುತ್ತದೆ. ಮಾನವಾಕೃತಿಗಳ ಮೇಲೆ ನಡೆಸುವ ಸಿಮ್ಯುಲೇಶನ್ ಅಭ್ಯಾಸದ ನಂತರವೂ ಚರ್ಚೆಗೆ ಮೊದಲು ಕೆಲವು ನಿಮಿಷ ಬರೆಸುವ ಪದ್ಧತಿಯುಂಟು. ಎಲ್ಲರೂ ಬರೆದಾಗ ಮೌನವಾಗಿರುವ ವಿದ್ಯಾರ್ಥಿಯ ಅಭಿಪ್ರಾಯವೂ ಹೊರಬರುತ್ತದೆ.

ಈ ಬಗೆಯ ಬರಹಕ್ಕೆ ಅಂಕ ಕೊಡುವುದು ವಿವಾದದ ವಿಷಯ. ಅಂಕವಿದ್ದರೆ ವಿದ್ಯಾರ್ಥಿಗಳು ಅಧ್ಯಾಪಕರಿಗೆ ಇಷ್ಟವಾಗುವ ಪಶ್ಚಾತ್ತಾಪವನ್ನು ಬರೆಯುತ್ತಾರೆ, ನಿಜವಾದ ತಪ್ಪನ್ನು ಮುಚ್ಚಿಡುತ್ತಾರೆ. ಅಂಕವಿಲ್ಲದಿದ್ದರೆ ಬರೆಯುವುದೇ ಇಲ್ಲ. ಬರೆದಿದ್ದಾರೆಯೇ ಇಲ್ಲವೇ ಎಂಬುದನ್ನಷ್ಟೇ ದಾಖಲಿಸಿ ಗುಣಮಟ್ಟಕ್ಕೆ ಅಂಕ ನೀಡದಿರುವುದು ಒಂದು ನಡುದಾರಿ. ರೋಗಿಯ ಹೆಸರು, ಹಾಸಿಗೆ ಸಂಖ್ಯೆ ಮತ್ತು ಗುರುತು ಸಿಗುವಂತಹ ವಿವರಗಳನ್ನು ಬರೆಯದಂತೆ ನೋಡಿಕೊಳ್ಳುವುದು ಇಲ್ಲಿ ಅಗತ್ಯ.

ತರಗತಿಯ ಕಿರುಬರಹ

ಉಪನ್ಯಾಸದ ಕೊನೆಯ ಎರಡು ಮೂರು ನಿಮಿಷಗಳಲ್ಲಿ ಚೀಟಿಯ ಮೇಲೆ ಬರೆಸುವ ‘ಒಂದು ನಿಮಿಷದ ಬರಹ’ವನ್ನು ಥಾಮಸ್ ಆಂಜೆಲೊ ಮತ್ತು ಪೆಟ್ರೀಷಿಯಾ ಕ್ರಾಸ್ ಅವರ ತರಗತಿ ಮೌಲ್ಯಮಾಪನದ ಕೈಪಿಡಿಯು ಜನಪ್ರಿಯಗೊಳಿಸಿತು. ಇಂದು ಕಲಿತ ಮುಖ್ಯ ಅಂಶ ಯಾವುದು, ಇನ್ನೂ ಉಳಿದಿರುವ ಪ್ರಶ್ನೆ ಯಾವುದು ಎಂಬ ಎರಡೇ ಪ್ರಶ್ನೆಗಳು. ಹಾರ್ವರ್ಡ್‌ನ ಸಂಖ್ಯಾಶಾಸ್ತ್ರಜ್ಞ ಫ್ರೆಡರಿಕ್ ಮೊಸ್ಟೆಲರ್ ಬಳಸುತ್ತಿದ್ದ ಇನ್ನೊಂದು ರೂಪದಲ್ಲಿ ಅತ್ಯಂತ ಗೊಂದಲವಾದ ಅಂಶವನ್ನಷ್ಟೇ ಕೇಳಲಾಗುತ್ತದೆ. ಚೀಟಿಯಲ್ಲಿ ಹೆಸರು ಬೇಕಿಲ್ಲ. ಡ್ರಿಪ್ಪಿನ ಹನಿಗಳ ಲೆಕ್ಕವನ್ನು ಕಲಿಸಿದ ದಿನ ಅರ್ಧ ತರಗತಿಯ ಚೀಟಿಗಳು ಒಂದೇ ಹೆಜ್ಜೆಯಲ್ಲಿ ಗೊಂದಲ ತೋರಿಸಿದರೆ, ಮರುದಿನದ ಪಾಠ ಎಲ್ಲಿಂದ ಆರಂಭವಾಗಬೇಕೆಂದು ಅಧ್ಯಾಪಕರಿಗೆ ತಿಳಿಯುತ್ತದೆ. ಔಷಧಿಯ ಪ್ರಮಾಣದ ಲೆಕ್ಕದಲ್ಲಿ ಆಗುವ ತಪ್ಪು ಪರೀಕ್ಷೆಯಲ್ಲಿ ಒಂದು ಅಂಕದ ನಷ್ಟವಾದರೆ ವಾರ್ಡಿನಲ್ಲಿ ಪ್ರಾಣದ ಪ್ರಶ್ನೆ.

ರೋಗಿಯ ದಾಖಲೆ ಮತ್ತು ಪಾಳಿ ಹಸ್ತಾಂತರ

ಶುಶ್ರೂಷಕರ ಬರಹ ಕಾನೂನಿನ ದೃಷ್ಟಿಯಲ್ಲಿ ಸಾಕ್ಷ್ಯ. ಮುಂದಿನ ಪಾಳಿಯವರಿಗೆ ಮಾರ್ಗದರ್ಶಿ. ‘ರೋಗಿ ಚೆನ್ನಾಗಿದ್ದಾರೆ’ ಎಂಬುದಕ್ಕಿಂತ ನಾಡಿ, ರಕ್ತದೊತ್ತಡ, ಉಸಿರಾಟ, ಮೂತ್ರದ ಪ್ರಮಾಣಗಳನ್ನು ಸಮಯದೊಂದಿಗೆ ಬರೆಯುವುದನ್ನು ಆರಂಭದಿಂದಲೇ ರೂಢಿಸಲಾಗುತ್ತದೆ. ಒಂದು ಅಕ್ಷರವೂ ಅಪಾಯ ತರಬಲ್ಲದು. ಇನ್ಸುಲಿನ್ ಪ್ರಮಾಣವನ್ನು 10 ಯೂನಿಟ್ ಎಂದು ಪೂರ್ತಿ ಬರೆಯದೆ, ಅಂಕೆಯ ಪಕ್ಕದಲ್ಲಿ ಇಂಗ್ಲಿಷಿನ ‘ಯು’ ಅಕ್ಷರವನ್ನಷ್ಟೇ ಬರೆದರೆ ಅದು ಸೊನ್ನೆಯಂತೆ ಕಂಡು 100 ಎಂದು ಓದಿಕೊಳ್ಳುವ ಸಾಧ್ಯತೆಯಿದೆ. 1.0 ಮಿಲಿಗ್ರಾಂ ಎಂಬಲ್ಲಿ ಬಿಂದು ಮಸುಕಾದರೆ 10 ಆಗುತ್ತದೆ. ಅಮೆರಿಕದ ಜಾಯಿಂಟ್ ಕಮಿಷನ್ 2004ರಲ್ಲಿ ಇಂತಹ ಬರಹರೂಪಗಳನ್ನು ಬಳಸಬಾರದವುಗಳ ಪಟ್ಟಿಗೆ ಸೇರಿಸಿತು.

ವೈದ್ಯರಿಗೆ ದೂರವಾಣಿಯಲ್ಲಿ ತಿಳಿಸುವಾಗ ಮತ್ತು ಪಾಳಿ ಬದಲಾಗುವಾಗ ಎಸ್‌ಬಿಎಆರ್ ಎಂಬ ಚೌಕಟ್ಟನ್ನು ಬಳಸಲಾಗುತ್ತದೆ. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಲ್ಲಿ ಹುಟ್ಟಿ ಕೈಸರ್ ಪರ್ಮನೆಂಟೆ ಸಂಸ್ಥೆಯ ಮೂಲಕ ಆಸ್ಪತ್ರೆಗಳಿಗೆ ಬಂದ ಈ ಕ್ರಮದಲ್ಲಿ ಸದ್ಯದ ಸ್ಥಿತಿ, ಹಿನ್ನೆಲೆ, ತನ್ನ ಅಂದಾಜು, ಕೋರಿಕೆ ಎಂಬ ನಾಲ್ಕು ಭಾಗಗಳಿವೆ. ವಿದ್ಯಾರ್ಥಿಗಳಿಗೆ ಕಷ್ಟವಾಗುವುದು ಕೊನೆಯ ಎರಡು. ಹಿರಿಯ ವೈದ್ಯರಿಗೆ ‘ಹೀಗಿರಬಹುದು, ನೀವು ಬಂದು ನೋಡಬೇಕು’ ಎಂದು ಹೇಳಲು ಹಿಂಜರಿಯುವವರಿಗೆ ಮೊದಲು ನಾಲ್ಕು ಸಾಲು ಬರೆದುಕೊಳ್ಳುವುದು ಧೈರ್ಯ ನೀಡುತ್ತದೆ.

ಭಾರತದಲ್ಲಿ

1946ರ ಭೋರ್ ಸಮಿತಿಯ ವರದಿಯು ದೇಶದಲ್ಲಿ ಶುಶ್ರೂಷಕರ ತೀವ್ರ ಕೊರತೆಯನ್ನು ದಾಖಲಿಸಿತು. ಸುಮಾರು 43,000 ಜನರಿಗೆ ಒಬ್ಬ ಶುಶ್ರೂಷಕಿ ಇದ್ದ ಕಾಲವದು. ಅದೇ ವರ್ಷ ದೆಹಲಿಯ ಶುಶ್ರೂಷಾ ಕಾಲೇಜಿನಲ್ಲಿ ಮತ್ತು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ನರ್ಸಿಂಗ್ ಪದವಿ ಶಿಕ್ಷಣ ಆರಂಭವಾಯಿತು. 1947ರ ಕಾಯಿದೆಯನ್ವಯ ರಚಿತವಾದ ಭಾರತೀಯ ಶುಶ್ರೂಷಾ ಪರಿಷತ್ತು ಪಠ್ಯಕ್ರಮವನ್ನು ನಿಗದಿಪಡಿಸುತ್ತ ಬಂದಿತು. ಆ ಕಾಯಿದೆಯ ಬದಲಿಗೆ 2023ರಲ್ಲಿ ರಾಷ್ಟ್ರೀಯ ಶುಶ್ರೂಷಾ ಮತ್ತು ಪ್ರಸೂತಿ ಆಯೋಗದ ಕಾಯಿದೆಯನ್ನು ಸಂಸತ್ತು ಅಂಗೀಕರಿಸಿತು. ನಾಲ್ಕು ವರ್ಷಗಳ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮವು 2021ರ ಪರಿಷ್ಕರಣೆಯಲ್ಲಿ ಎಂಟು ಸೆಮಿಸ್ಟರುಗಳ ರೂಪ ಪಡೆಯಿತು. ಸಿಮ್ಯುಲೇಶನ್ ಅಭ್ಯಾಸಕ್ಕೂ ಅದರಲ್ಲಿ ಸ್ಥಾನ ದೊರೆಯಿತು. ಕೇರ್ ಪ್ಲಾನ್, ಪ್ರಕರಣ ಅಧ್ಯಯನ, ಆರೋಗ್ಯ ಶಿಕ್ಷಣದ ಪಾಠಯೋಜನೆ ಮತ್ತು ಲಾಗ್ ಪುಸ್ತಕಗಳು ಆಂತರಿಕ ಮೌಲ್ಯಮಾಪನದ ಭಾಗವಾಗಿವೆ.

ಕರ್ನಾಟಕ ಮತ್ತು ಭಾಷೆಯ ಪ್ರಶ್ನೆ

ಕರ್ನಾಟಕದ ನರ್ಸಿಂಗ್ ಕಾಲೇಜುಗಳಲ್ಲಿ ಬಹುಪಾಲು 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ. ಬೋಧನೆ, ಪಠ್ಯಪುಸ್ತಕ ಮತ್ತು ಪರೀಕ್ಷೆಗಳ ಭಾಷೆ ಇಂಗ್ಲಿಷ್. ರೋಗಿಗಳು ಮಾತನಾಡುವುದು ಕನ್ನಡ, ತುಳು, ಕೊಂಕಣಿ, ಉರ್ದು ಮೊದಲಾದ ಭಾಷೆಗಳನ್ನು. ಕೇರಳ ಮತ್ತು ಇತರ ರಾಜ್ಯಗಳಿಂದ ಬಂದ ವಿದ್ಯಾರ್ಥಿಗಳಿಗೆ ರೋಗಿಯ ಭಾಷೆ ಹೊಸದು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಪುಸ್ತಕದ ಭಾಷೆ ತೊಡಕಿನದು. ಎರಡನೆಯ ಗುಂಪಿನಲ್ಲಿ ನಕಲು ಮಾಡುವುದಕ್ಕೆ ಸೋಮಾರಿತನಕ್ಕಿಂತ ಇಂಗ್ಲಿಷಿನಲ್ಲಿ ತಪ್ಪಾದೀತೆಂಬ ಅಳುಕೇ ಹೆಚ್ಚಿನ ಕಾರಣವಾಗಿರುವುದುಂಟು. ಅಂತಹವರು ಯೋಚನೆಯನ್ನು ಮೊದಲು ಕನ್ನಡದಲ್ಲಿ ಬರೆದುಕೊಂಡು ನಂತರ ಇಂಗ್ಲಿಷಿಗೆ ತಂದರೆ, ಅಧ್ಯಾಪಕರಿಗೆ ವಿಷಯದ ಕೊರತೆ ಯಾವುದು, ಭಾಷೆಯ ಕೊರತೆ ಯಾವುದು ಎಂಬುದು ಬೇರೆಬೇರೆಯಾಗಿ ಕಾಣುತ್ತದೆ.

ರೋಗಿಯ ಮಾತು ಇಂಗ್ಲಿಷ್ ದಾಖಲೆಗೆ ಇಳಿಯುವಾಗ ಅರ್ಥ ಜಾರುವುದೂ ಉಂಟು. ‘ಸಂಕಟ’ ಎಂದವರು ಹೇಳುತ್ತಿರುವುದು ವಾಕರಿಕೆಯೇ, ಎದೆಯ ಬಿಗಿತವೇ, ಮನಸ್ಸಿನ ತಳಮಳವೇ ಎಂಬುದು ಕೇಳಿ ತಿಳಿಯಬೇಕಾದ ಸಂಗತಿ. ‘ಎದೆ ಉರಿ’ ಎಂಬುದನ್ನು ತಕ್ಷಣ ಆಮ್ಲೀಯತೆಯೆಂದು ಬರೆದುಬಿಟ್ಟರೆ, ಹೃದಯಾಘಾತದ ಲಕ್ಷಣವೂ ಹಾಗೆಯೇ ಅನುಭವಕ್ಕೆ ಬರಬಹುದೆಂಬ ಸಾಧ್ಯತೆ ಕೈತಪ್ಪುತ್ತದೆ. ರೋಗಿಯ ಮಾತನ್ನು ಅವರದೇ ನುಡಿಯಲ್ಲಿ ಉದ್ಧರಣ ಚಿಹ್ನೆಯೊಳಗೆ ಬರೆದು, ತನ್ನ ವ್ಯಾಖ್ಯಾನವನ್ನು ಪ್ರತ್ಯೇಕವಾಗಿ ಬರೆಯುವುದು ಇದಕ್ಕೆ ಸರಳ ಪರಿಹಾರ. ಸಮುದಾಯ ಶುಶ್ರೂಷೆಯ ತರಬೇತಿಯಲ್ಲಿ ಈ ಅಗತ್ಯ ಇನ್ನೂ ಹೆಚ್ಚು. ಮನೆಭೇಟಿಯ ಸಮಯದಲ್ಲಿ ಗರ್ಭಿಣಿಯ ತಾಯಿ ಕಾರ್ಡಿನಲ್ಲಿರುವುದನ್ನು ಓದಿ ಹೇಳುವುದು, ಅಪಾಯದ ಲಕ್ಷಣಗಳನ್ನು ಮನೆಯವರಿಗೆ ತಿಳಿಯುವ ಮಾತಿನಲ್ಲಿ ಬರೆದುಕೊಡುವುದು ವಿದ್ಯಾರ್ಥಿಯ ಕೆಲಸವಾಗುತ್ತದೆ.

ಇತ್ತೀಚಿನ ಬೆಳವಣಿಗೆಗಳು

2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಸಾರ್ವಜನಿಕ ಬಳಕೆಗೆ ಬಂದ ನಂತರ, ರೋಗದ ಹೆಸರು ಕೊಟ್ಟರೆ ಸಾಕು, ಕ್ಷಣಮಾತ್ರದಲ್ಲಿ ಅಚ್ಚುಕಟ್ಟಾದ ಕೇರ್ ಪ್ಲಾನ್ ದೊರೆಯುವಂತಾಗಿದೆ. ಆದರೆ ಅದು ರೋಗದ ಕುರಿತ ಯೋಜನೆಯೇ ಹೊರತು ಆ ದಿನ ಆ ಹಾಸಿಗೆಯಲ್ಲಿದ್ದ ರೋಗಿಯ ಕುರಿತದ್ದಲ್ಲ. ಮನೆಯಲ್ಲಿ ಬರೆದು ತರುವ ದೀರ್ಘ ಬರಹಗಳಿಗೆ ಬದಲಾಗಿ ವಾರ್ಡಿನಲ್ಲೇ ಕೈಯಲ್ಲಿ ಬರೆಯುವ ಒಂದು ಪುಟದ ಟಿಪ್ಪಣಿ, ಬರೆದದ್ದನ್ನು ರೋಗಿಯ ಪಕ್ಕದಲ್ಲಿ ನಿಂತು ವಿವರಿಸುವುದು, ಯಂತ್ರ ಕೊಟ್ಟ ಯೋಜನೆಯಲ್ಲಿ ಈ ರೋಗಿಗೆ ಹೊಂದದ ಅಂಶಗಳನ್ನು ಗುರುತಿಸಿ ತಿದ್ದುವುದು ಮುಂತಾದ ಚಟುವಟಿಕೆಗಳು ಬೋಧನೆಯಲ್ಲಿ ಬಳಕೆಗೆ ಬರುತ್ತಿವೆ.